ಓದದೆ ಕೊಟ್ಟ ಒಪ್ಪಿಗೆ

"ಇವತ್ತಿಂದ ಈ ಮೇಜಿನ ಮೇಲೆ ನಾನೇ ಯಜಮಾನಿ! ಇನ್ಯಾರ ಅಪ್ಪಣೆಯೂ ಇಲ್ಲಿ ನಡೆಯಲ್ಲ!"

ಪ್ರೊಫೆಸರಮ್ಮ ಹೀಗೆ ಗುಡುಗಿದಾಗ ಬೆಳಗಿನ ಹತ್ತು ಗಂಟೆ. ಮೂವತ್ತೈದು ವರ್ಷ ಕರಾರು ಕಾನೂನು ಕಲಿಸಿ ನಿವೃತ್ತರಾದ ಅವರು, ತಮ್ಮ ಪಠ್ಯಪುಸ್ತಕದ ಹೊಸ ಆವೃತ್ತಿಯ ಕೊನೆಯ ಅಧ್ಯಾಯದಲ್ಲಿ ಅಲ್ಪವಿರಾಮಗಳನ್ನು ಬೇಟೆಯಾಡುತ್ತಿದ್ದರು. ಸಂಜೆ ನಾಲ್ಕರೊಳಗೆ ಅದು ಪ್ರಕಾಶಕರಿಗೆ ತಲುಪದಿದ್ದರೆ ಪುಸ್ತಕ ಆ ಅಧ್ಯಾಯವಿಲ್ಲದೆಯೇ ಅಚ್ಚಿಗೆ ಹೋಗುತ್ತಿತ್ತು. ಎರಡು ವರ್ಷದ ದುಡಿಮೆ! ಅಷ್ಟರಲ್ಲಿ ಕಂಪ್ಯೂಟರಿನ ಪರದೆ ನೀಲಿಯಾಗಿತ್ತು. 'ಸುಧಾರಣೆ ನಡೆಯುತ್ತಿದೆ. ದಯವಿಟ್ಟು ಕಾಯಿರಿ.'

ಕಾಯಬೇಕಂತೆ! ಉಪಕುಲಪತಿಗಳನ್ನೇ ಬಾಗಿಲಲ್ಲಿ ಕಾಯಿಸಿದ ಹೆಂಗಸು!

"ರೀ, ಇದಕ್ಕೆ ಅನುಮತಿ ಕೊಟ್ಟೋರು ಯಾರು?"

ನಿವೃತ್ತ ಹಲ್ಲಿನ ಡಾಕ್ಟರಾದ ಪತಿ ಪದಬಂಧದಿಂದ ತಲೆ ಎತ್ತಲಿಲ್ಲ. "ನಾನೇ ಕಣೇ. ಮೊನ್ನೆ ಏನೋ ಕೇಳ್ತು, 'ಒಪ್ಪಿದ್ದೇನೆ' ಅಂತ ಒತ್ತಿದೆ."

"ಓದಿದ್ರಾ?"

"ನನ್ನ ಹತ್ರ ಹಲ್ಲು ಕೀಳಿಸ್ಕೊಂಡೋರಲ್ಲಿ ಒಬ್ರಾದ್ರೂ ಒಪ್ಪಿಗೆ ಪತ್ರ ಓದಿದ್ರಾ? ಸಹಿ ಹಾಕಿದ್ರು, ಬಾಯಿ ತೆಗೆದ್ರು."

ಕಂಪ್ಯೂಟರ್ ಕೊಂಡ ದಿನ ಪ್ರೊಫೆಸರಮ್ಮ ಕನ್ನಡಕ ಒರೆಸಿಕೊಂಡು ಷರತ್ತುಗಳ ನಲವತ್ತೆರಡು ಪುಟಗಳನ್ನೂ ಓದಿದ್ದರು. ಅಂದಿನಿಂದ ಹೊಟ್ಟೆಯಲ್ಲಿ ಕೆಂಡ. ದುಡ್ಡು ಕೊಟ್ಟರೂ ಅದನ್ನು ನಡೆಸುವ ತಂತ್ರಾಂಶ ತಮ್ಮದಲ್ಲ, ಬಳಸಲು ಅನುಮತಿ ಮಾತ್ರ! ಆಮೇಲೆ ಬಂದ ಷರತ್ತುಗಳನ್ನೆಲ್ಲ ಡಾಕ್ಟರು ಆಕಳಿಸುತ್ತ ಒಪ್ಪುತ್ತ ಬಂದಿದ್ದರು.

"ನಮ್ಮ ಮೇಜಿಗೆ ನಾವೇ ಬಾಡಿಗೆದಾರರು! ಮಾಲೀಕ ಬೇಕೆಂದಾಗ ನುಗ್ಗಿ ಗೋಡೆ ಒಡೀತಾನೆ, ಮೇಲಿಂದ 'ಕಾಯಿರಿ' ಅಂತಾನೆ!"

"ಬಾಡಿಗೆ ಮನೇಲಿ ನಲ್ಲಿ ಕೆಟ್ರೆ ಮಾಲೀಕ ನೋಡ್ಕೋತಾನೆ. ಸ್ವಂತ ಮನೇಲಿ ನಾವೇ ನೆಲದ ಮೇಲೆ ಮಲಗಿ ಪೈಪ್ ತಿರುಗಿಸ್ಬೇಕು."

"ಪಂಜರದ ಗಿಣಿನೂ ಇದೇ ಮಾತಾಡುತ್ತೆ!"

ಮಧ್ಯಾಹ್ನ ಸುಧಾರಣೆ ಮುಗಿದದ್ದೇ ತಡ, ಅವರು ಯಾರಪ್ಪನ ಸ್ವತ್ತೂ ಅಲ್ಲದ ಸ್ವತಂತ್ರ ತಂತ್ರಾಂಶ ವ್ಯವಸ್ಥೆಯೊಂದನ್ನು ಇಳಿಸಿಕೊಂಡರು. ಅದನ್ನು ತುಂಬಲು ಮನೆಯಲ್ಲಿದ್ದದ್ದು ಒಂದೇ ಪೆನ್ ಡ್ರೈವ್. ಅದರಲ್ಲಿ ಅಧ್ಯಾಯದ ಪ್ರತಿಯಿತ್ತು. ಮೂಲವಂತೂ ಕಂಪ್ಯೂಟರಿನಲ್ಲೇ ಇದೆಯಲ್ಲ ಎಂದು ಪ್ರತಿಯನ್ನು ಅಳಿಸಿದರು.

ಮುಂದೆ ಪರವಾನಗಿ ಬಂತು. ಎದ್ದು ನಿಂತು ಓದಿದರು! ಯಾವ ಕೆಲಸಕ್ಕಾದರೂ ಬಳಸಿ, ಒಳಗನ್ನು ಬಿಚ್ಚಿ ನೋಡಿ, ತಿದ್ದಿ, ನೆರೆಯವರಿಗೂ ಹಂಚಿ.

"ಕರಾರು ಅಂದ್ರೆ ಇದು ಕಣ್ರೀ! ಇದನ್ನ ಬರೆದೋರಿಗೆ ನೂರಕ್ಕೆ ತೊಂಬತ್ತು ಕೊಡ್ತಿದ್ದೆ!"

ಅವರ ಕೈಯಿಂದ ಯಾರೂ ಅರವತ್ತೆರಡು ದಾಟಿರಲಿಲ್ಲ. ಡಾಕ್ಟರು ಬೆಚ್ಚಿದರು.

ಆಮೇಲೆ ಹಳದಿ ತ್ರಿಕೋನದ ಪಕ್ಕ ಎರಡು ಸಾಲು ಮೂಡಿದವು. ಅವು ಷರತ್ತುಗಳಲ್ಲ, ಮೆಕ್ಯಾನಿಕ್‌ಗಳಿಗೆ ಬರೆದ ಚಿಲ್ಲರೆ ಸೂಚನೆ. ಇಷ್ಟು ಸಭ್ಯ ಕರಾರು ಬರೆದವರು ಕೇಡು ಬಗೆಯುತ್ತಾರೆಯೇ? ಪ್ರೊಫೆಸರಮ್ಮ ಓದದೆ ಒತ್ತಿದರು.

ಆ ಎರಡು ಸಾಲು ಹೀಗಿದ್ದವು: 'ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?'

ಇಪ್ಪತ್ತು ನಿಮಿಷದಲ್ಲಿ ಸ್ವಾತಂತ್ರ್ಯ ಬಂತು. ತೊಳೆದಿಟ್ಟ ತಟ್ಟೆಯ ಹಾಗೆ ಲಕಲಕ ಹೊಳೆಯುತ್ತಿತ್ತು. ತಟ್ಟೆಯಲ್ಲಿ ಏನೂ ಇರಲಿಲ್ಲ!

ಅಧ್ಯಾಯವನ್ನು ಹುಡುಕಿದರು. ಬೆವರಿದರು. ಸ್ವತಂತ್ರ ವ್ಯವಸ್ಥೆಯವರ ಚರ್ಚಾಕಟ್ಟೆಯಲ್ಲಿ ಮೊರೆಯಿಟ್ಟರು. ಮೂರೇ ನಿಮಿಷದಲ್ಲಿ, ಬಿಡಿಗಾಸು ಕೇಳದೆ, ಅಪರಿಚಿತ ಪುಣ್ಯಾತ್ಮರೊಬ್ಬರು ಉತ್ತರಿಸಿದರು: 'ಎಚ್ಚರಿಕೆ ತೋರಿಸಿತ್ತಲ್ಲ, ಓದಲಿಲ್ಲವೇ?'

"ಅಧಿಕಪ್ರಸಂಗಿ!" ಮೇಜು ಗುದ್ದಿದ ರಭಸಕ್ಕೆ ಕನ್ನಡಕ ಕೆಳಗೆ ಹಾರಿತು.

ಮೂರೂಕಾಲಿಗೆ ಪ್ರಕಾಶನದ ಸಂಪಾದಕಿಯ ಫೋನು. "ಮೇಡಂ, ಇನ್ನು ಮುಕ್ಕಾಲು ಗಂಟೆ..."

"ಗಡಿಯಾರ ನಮ್ಮನೇಲೂ ಇದೆ!" ಎಂದು ಫೋನು ಕುಕ್ಕಿದರು. ಆಮೇಲೆ ಕುರ್ಚಿಗೆ ಕುಸಿದರು. ಬೈಯಲು ಯಾರೂ ಉಳಿದಿರಲಿಲ್ಲ. ಕೋಪಿಷ್ಠರಿಗೆ ಇದಕ್ಕಿಂತ ದೊಡ್ಡ ಸಂಕಟವಿಲ್ಲ.

ಡಾಕ್ಟರು ತಮ್ಮ ಫೋನನ್ನು ಮೂಗಿನ ಹತ್ತಿರ ಹಿಡಿದು ಬಂದರು. "ನೋಡೇ, 'ಕೊನೆಯ ಅಧ್ಯಾಯ, ಇದೇ ಕಡೆಯದು, ನಿಜವಾಗಿಯೂ ಕಡೆಯದು' ಅಂತ ಏನೋ ಇದೆ. ಇದೇನಾ?"

"ಇದು ನಿಮ್ಮ ಫೋನಿಗೆ ಹೇಗೆ ಬಂತು?"

"ಕಂಪ್ಯೂಟರಲ್ಲಿ ಬರೆದದ್ದಕ್ಕೆಲ್ಲ ಕಂಪನಿಯೋರು ಒಂದೊಂದು ಪ್ರತಿ ತಮ್ಮ ಹತ್ರ ಇಟ್ಕೋತಾರಂತೆ, ಫೋನಲ್ಲೂ ತೋರಿಸ್ತಾರಂತೆ. ಅದಕ್ಕೂ ಒತ್ತಿದ್ದೆ ಅನ್ಸುತ್ತೆ."

"ನನ್ನ ಬರಹ! ನನ್ನನ್ನ ಕೇಳದೆ! ಕಳ್ಳರು! ಹಗಲು ದರೋಡೆ!"

"ಹಾಗಾದ್ರೆ ಅಳಿಸಿಬಿಡ್ಲಾ?"

"ಮುಟ್ಟಿದ್ರೆ ನೋಡಿ! ಕಳಿಸ್ರೀ! ಈಗಲೇ!"

ನಾಲ್ಕಕ್ಕೆ ಎಂಟು ನಿಮಿಷವಿರುವಾಗ ಅಧ್ಯಾಯ ಹೊರಟಿತು.

"ಹಳೇದನ್ನೇ ಮತ್ತೆ ಹಾಕ್ಸೋಣ್ವಾ?" ಎಂದರು ಡಾಕ್ಟರು.

"ನಾನು ಸತ್ತ ಮೇಲೆ!"

ಅಷ್ಟರಲ್ಲಿ ಸಂಪಾದಕಿಯ ಫೋನು ಮತ್ತೆ. ಉತ್ಸಾಹದ ದನಿ ಕೋಣೆಗೆಲ್ಲ ಕೇಳುತ್ತಿತ್ತು. "ಮೇಡಂ, ಬೆಂಕಿ! 'ಓದದೆ ಒಪ್ಪಿಗೆ ಕೊಟ್ಟವರಿಂದ ಇಂದಿನವರೆಗೆ ಒಂದು ನರಪಿಳ್ಳೆಗೂ ಒಳಿತಾದದ್ದಿಲ್ಲ' ಅಂತ ಎಷ್ಟು ಖಡಕ್ಕಾಗಿ ಬರೆದಿದ್ದೀರಿ! ಒಂದೇ ಕೊರತೆ. ನಿತ್ಯಜೀವನದ್ದೊಂದು ಉದಾಹರಣೆ ಕೊಡ್ತೀರಾ? ಐದು ನಿಮಿಷ ಕಾಯ್ತೀನಿ."

ಡಾಕ್ಟರು ಪೆನ್ಸಿಲ್ ಎತ್ತಿ ಗಂಟಲು ಸರಿಮಾಡಿಕೊಂಡರು. "ಬರ್ಕೊಳ್ಳಮ್ಮಾ, ಇವತ್ತು ಬೆಳಗ್ಗೆ ಹತ್ತು ಗಂಟೆಗೆ..."

ಪ್ರೊಫೆಸರಮ್ಮ ಅಂಗೈಯಿಂದ ಫೋನಿನ ಬಾಯಿ ಮುಚ್ಚಿದರು. ಗಂಡನನ್ನು ಸುಡುವಂತೆ ನೋಡಿದರು. ಮೂವತ್ತೈದು ವರ್ಷದಲ್ಲಿ ಅವರ ಒಂದು ಅಕ್ಷರ ಮುಟ್ಟುವ ಧೈರ್ಯ ಯಾವ ಸಂಪಾದಕರಿಗೂ ಬಂದಿರಲಿಲ್ಲ. ಹಲ್ಲು ಕಚ್ಚಿಕೊಂಡು, ಅಂಗೈ ತೆಗೆದು, ಸಣ್ಣ ದನಿಯಲ್ಲಿ ಹೇಳಿದರು:

"ಆ ವಾಕ್ಯ ಹೊಡೆದುಹಾಕಮ್ಮ."