ಹನಿ ಬೀಳುವ ಮೊದಲೇ ತುಂಬಿದ ಕೆರೆ

ಹಾಡುವುದಕ್ಕೆಂದು ಹತ್ತು ಹನ್ನೆರಡು ಜನ ಒಂದು ಕಡೆ ಸೇರಿದರೆ ಹಾಡು ಆಗುತ್ತದೋ ಇಲ್ಲವೋ, ಫಜೀತಿಯಂತೂ ತಪ್ಪಿದ್ದಲ್ಲ. ಯಲಹಂಕದ ನಮ್ಮ ಗಾಯನ ಬಳಗದಲ್ಲಿ ಅದು ವಾರಕ್ಕೊಂದರಂತೆ ನಡೆಯುತ್ತಲೇ ಇರುತ್ತದೆ. ನಾನು ಈ ಬಳಗದ ಕಾರ್ಯದರ್ಶಿ. ಕಂಠ ನೋಡಿ ಕೊಟ್ಟ ಹುದ್ದೆಯಲ್ಲ. ಹಾರ್ಮೋನಿಯಂ ಹಿಡಿಸುವಷ್ಟು ದೊಡ್ಡ ಡಿಕ್ಕಿ ಇರುವುದು ನನ್ನ ಕಾರಿಗೆ ಮಾತ್ರ.

ಪ್ರತಿ ವರ್ಷ ಆಷಾಢದಲ್ಲಿ ಕೂತು ಹೊಸ ಸೀಸನ್ನಿನ ಯೋಜನೆ ಹಾಕುತ್ತೇವೆ. ಶ್ರಾವಣದಿಂದ ಯುಗಾದಿಯವರೆಗೆ ತಿಂಗಳಿಗೊಂದು ಭಾನುವಾರ ಸಂಜೆ, ಬಡಾವಣೆಯ ಪಾರ್ಕಿನ ಪುಟ್ಟ ವೇದಿಕೆಯ ಮೇಲೆ ಕಾರ್ಯಕ್ರಮ. ಮೊದಲ ದಿನದ ಮೊದಲ ಹಾಡು ಯಾವಾಗಲೂ ಮಿಸ್ ಅವರದು. ಮಿಸ್ ಅಂದರೆ ಇಲ್ಲಿನ ಶಾಲೆಯಲ್ಲಿ ಜೀವಮಾನವೆಲ್ಲ ಪಾಠ ಹೇಳಿದವರು. ಈಗ ಎಂಬತ್ತೆರಡು ವರ್ಷ. ನಮ್ಮ ಬಳಗದ ಅರ್ಧ ಜನ ಅವರ ಕೈಲಿ ಕಿವಿ ಹಿಂಡಿಸಿಕೊಂಡವರೇ. ಶಾಲೆಯ ಮಕ್ಕಳಿಗಾಗಿ ಅವರೇ ಕಟ್ಟಿದ ನಾಲ್ಕು ಚರಣದ ಹಾಡು ಅದು. ಮೊದಲನೆಯದರಲ್ಲಿ ಮೋಡ ಬರುತ್ತದೆ, ಎರಡನೆಯದರಲ್ಲಿ ಹನಿ ಬೀಳುತ್ತದೆ, ಮೂರನೆಯದರಲ್ಲಿ ಕೆರೆ ತುಂಬುತ್ತದೆ, ನಾಲ್ಕನೆಯದರಲ್ಲಿ ಕೊಕ್ಕರೆ ಬರುತ್ತದೆ. ಅದನ್ನು ಅವರೊಬ್ಬರೇ ನಿಂತು ಹಾಡಬೇಕು. ಆಮೇಲೆಯೇ ನಾವು ಹನ್ನೆರಡು ಜನ ಬಾಯಿ ತೆರೆಯುವುದು. ಇದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ.

ಈ ವರ್ಷ ಮಾತ್ರ ಆಷಾಢಕ್ಕೆ ಮುಂಚೆಯೇ ಅವರ ಸೊಸೆ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ ಒಂದು ಮಾತು ಹೇಳಿದರು.

"ಅತ್ತೆಗೆ ಮರೆವು ಶುರುವಾಗಿದೆ ಸಾರ್. ಡಾಕ್ಟ್ರು ಇನ್ಮೇಲೆ ಹೀಗೇ ಅಂದ್ರು. ಬೆಳಗ್ಗೆ ಎದ್ರೆ ಆ ಹಾಡೇ ಹೇಳ್ಕೋತಾ ಇರ್ತಾರೆ, ಅದನ್ನ ಅವ್ರಿಂದ ಕಿತ್ಕೋಬೇಡಿ. ಆದ್ರೆ ಅಷ್ಟು ಜನದ ಮುಂದೆ ಅವ್ರಿಗೆ ಅವಮಾನ ಆಗೋದೂ ಬೇಡ."

"ನೀವೇನೂ ಯೋಚ್ನೆ ಮಾಡ್ಬೇಡಿ ಕಣಮ್ಮ, ನಾನ್ ನೋಡ್ಕೋತೀನಿ," ಅಂದುಬಿಟ್ಟೆ. ನಾನು ನೋಡಿಕೊಂಡಿದ್ದು ಹೇಗೆ ಅನ್ನುವುದು ಕೊನೆಗೆ ಬರುತ್ತದೆ.

ರಾಗಿ ಶ್ರುತಿ, ಗೋಧಿ ಶ್ರುತಿ

ನಾವು ಅಭ್ಯಾಸ ಮಾಡುವುದು ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಗಿರಣಿಯವರು ಸಂಗೀತ ಪ್ರಿಯರು, ಜಾಗ ಸುಮ್ಮನೆ ಬಿಟ್ಟುಕೊಟ್ಟಿದ್ದಾರೆ. ಒಂದೇ ಒಂದು ತೊಂದರೆಯೆಂದರೆ ಭಾನುವಾರ ಬೆಳಗ್ಗೆಯೇ ಜನ ಡಬ್ಬ ಹಿಡಿದು ಸಾಲು ನಿಲ್ಲುವುದು. ಕೆಳಗೆ ಗಿರಣಿ ಗುಂಯ್ ಅನ್ನುತ್ತಿದ್ದರೆ ನಮ್ಮ ಶ್ರುತಿ ಪೆಟ್ಟಿಗೆ ಯಾರ ಕಿವಿಗೂ ಬೀಳುವುದಿಲ್ಲ.

ನಮ್ಮ ಹಾರ್ಮೋನಿಯಂ ಮೇಷ್ಟ್ರು ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ವ್ಯಾಪಾರ ಮಾಡುವವರು, ಗದ್ದಲಕ್ಕೆ ಹೆದರುವ ಆಸಾಮಿಯಲ್ಲ. ಒಂದು ದಿನ ಶ್ರುತಿ ಪೆಟ್ಟಿಗೆ ಮುಚ್ಚಿಟ್ಟು, ಗಿರಣಿಯ ಗುಂಯ್‌ಗೆ ಹೊಂದುವ ಸ್ವರದ ಮನೆಯನ್ನೇ ಹಾರ್ಮೋನಿಯಂನಲ್ಲಿ ಹುಡುಕಿ ಒತ್ತಿಬಿಟ್ಟರು. ಅವತ್ತಿನಿಂದ ಅದೇ ನಮ್ಮ ಶ್ರುತಿ. ರಾಗಿ ಬೀಸುವಾಗ ಸ್ವಲ್ಪ ಕೆಳಗೆ, ಗೋಧಿ ಬೀಸುವಾಗ ಸ್ವಲ್ಪ ಮೇಲೆ. ಹೊಸ ಸೀಸನ್ನಿನ ಹಾಡುಗಳ ಪಟ್ಟಿ ಮಾಡುವಾಗ ಮೇಷ್ಟ್ರು ಪ್ರತಿ ಹಾಡಿನ ಮುಂದೆಯೂ "ರಾಗಿ", "ಗೋಧಿ" ಎಂದು ಬರೆದಿದ್ದರು. ಅದನ್ನು ನೋಡಿದ ಹೊಸ ಸದಸ್ಯೆಯೊಬ್ಬರು ಅವು ರಾಗದ ಹೆಸರೆಂದೇ ತಿಳಿದು ಡೈರಿಯಲ್ಲಿ ಬರೆದುಕೊಂಡರು.

ಒಂದು ಭಾನುವಾರ ಹಾಡಿನ ಮಧ್ಯದಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು. ನಾವೆಲ್ಲ ಜಾರುಬಂಡೆಯ ಮೇಲೆ ಕೂತವರ ಹಾಗೆ ಸರಸರ ಕೆಳಗಿಳಿದೆವು. ಮಿಸ್ ಒಬ್ಬರ ಸ್ವರ ಮಾತ್ರ ಇದ್ದಲ್ಲೇ ಇತ್ತು, ಒಂದು ಎಳೆ ಕೂಡ ಅಲ್ಲಾಡಲಿಲ್ಲ. ಆದರೆ ಆಮೇಲೆ ತಮ್ಮ ಹಾಡು ಹೇಳುವಾಗ ಅವರು ಮೋಡದ ಚರಣವನ್ನು ಎರಡು ಸಲ ಹಾಡಿದರು, ಹನಿ ಬೀಳಿಸಲೇ ಇಲ್ಲ. ಯಾರೂ ತಿದ್ದಲಿಲ್ಲ. ಅಷ್ಟರಲ್ಲಿ ಗಿರಣಿಯವರು ಮೆಟ್ಟಿಲ ಬುಡದಿಂದ ಕೂಗಿದರು: "ಕರೆಂಟ್ ಬಂತು ಸಾರ್! ನಿಮ್ಗೆ ಯಾವ್ದು ಹಾಕ್ಲಿ, ರಾಗಿನಾ ಗೋಧಿನಾ?"

ಉಳಿದ ಒಂದೇ ಭಾನುವಾರ

ದಿನ ಗೊತ್ತುಮಾಡುವುದು ಹಾಡುವುದಕ್ಕಿಂತ ಕಷ್ಟ. ನಮ್ಮ ಅಧ್ಯಕ್ಷರು ಪಶುವೈದ್ಯ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು, ಶಿಸ್ತಿನ ಮನುಷ್ಯ. ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿ, ಕೆಂಪು ಪೆನ್ನು ಹಿಡಿದು ನಿಂತರು.

ಶ್ರಾವಣದ ಮೊದಲ ಭಾನುವಾರ ಒಬ್ಬರ ಮನೆಯ ಗೃಹಪ್ರವೇಶ. ಎರಡನೆಯ ಭಾನುವಾರ ಕ್ರಿಕೆಟ್ ಮ್ಯಾಚು. ಅವತ್ತು ಹಾಡುವವರು ಬಂದರೂ ಕೇಳುವವರು ಬರುವುದಿಲ್ಲ. ಮೂರನೆಯ ಭಾನುವಾರ ಮೇಷ್ಟ್ರ ಮೊಮ್ಮಗಳ ನಾಮಕರಣ. ಎಲ್ಲದಕ್ಕೂ ಅಡ್ಡಗೆರೆ ಬಿದ್ದು ಕೊನೆಗೆ ಒಂದೇ ದಿನ ಉಳಿಯಿತು.

"ಈ ದಿನ ಯಾರ್ಗಾದ್ರೂ ಏನಾದ್ರೂ ವಿಶೇಷ ಇದ್ಯಾ?" ಅಧ್ಯಕ್ಷರು ಕೇಳಿದರು. ಯಾರೂ ಮಾತಾಡಲಿಲ್ಲ. "ಹಾಗಾದ್ರೆ ಇದೇ ಫೈನಲ್!" ಎಂದು ದಪ್ಪಗೆ ಒಂದು ಸುತ್ತು ಎಳೆದರು.

ಎರಡನೆಯ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಮೆಲ್ಲಗೆ, "ಅವತ್ತು ನಮ್ಮ ಮದ್ವೆ ಆದ ದಿನ," ಅಂದರು.

ಅಧ್ಯಕ್ಷರ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ನಾವೆಲ್ಲ ನೆಲ ನೋಡಿದೆವು. ಮಿಸ್ ಮಾತ್ರ ಜೋರಾಗಿ ನಕ್ಕು, "ನೋಡ್ರೋ, ಮರೆವು ನಂಗೊಬ್ಬಳಿಗೇ ಅಲ್ಲ!" ಅಂದರು. ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ನಗಬೇಕೋ ಬೇಡವೋ ನಮಗೆ ತಿಳಿಯಲಿಲ್ಲ. ಅಧ್ಯಕ್ಷರ ಹೆಂಡತಿಯೇ ಕಾಪಾಡಿದರು.

"ಅದೇ ದಿನ ಇಟ್ಕೊಳ್ಳಿ, ಪರ್ವಾಗಿಲ್ಲ. ಪ್ರತಿ ವರ್ಷ ಅವತ್ತು ಇವ್ರು ಬಾಯೇ ಬಿಡಲ್ಲ. ಈ ಸಲ ಹಾಡ್ತಾರಲ್ಲ, ಅಷ್ಟೇ ಸಾಕು."

ಮೇಲ್ಸೇತುವೆ ತಾಳ

ನಮ್ಮ ತಬಲಾ ಸಾಹೇಬರು ಆರ್.ಟಿ. ನಗರದಲ್ಲಿ ಟೈಲರ್. ಬೆರಳು ಎಷ್ಟು ಚುರುಕೋ ಬಸ್ಸು ಅಷ್ಟೇ ನಿಧಾನ. ಒಂದು ಭಾನುವಾರ ಹೆಬ್ಬಾಳದ ಮೇಲ್ಸೇತುವೆ ಮೇಲೆ ಬಸ್ಸು ನಿಂತೇ ಹೋಯಿತು. ಫೋನ್ ಮಾಡಿದರೆ ಅವರು ಗಾಬರಿಯಾದಂತೆ ಕಾಣಲಿಲ್ಲ.

"ಫಿಕರ್ ನಕ್ಕೋ ಸಾರ್. ಫೋನ್ ಸ್ಪೀಕರ್‌ಗೆ ಹಾಕಿ. ನನ್ ಹತ್ರ ಟಿಫನ್ ಡಬ್ಬಿ ಐತೆ, ನೀವ್ ಶುರು ಮಾಡಿ."

ನಾವು ಇಲ್ಲಿ ಹಾಡಿದೆವು, ಅವರು ಅಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ನುಡಿಸಿದರು. ಚೆನ್ನಾಗಿಯೇ ಹೊಂದಿತು. ಎರಡು ಚರಣ ಮುಗಿಯುವ ಹೊತ್ತಿಗೆ ಬಸ್ಸಿನಲ್ಲಿದ್ದ ಯಾರೋ "ವಾಹ್!" ಅಂದದ್ದೂ ಕೇಳಿತು. ಮೂರನೆಯ ಚರಣಕ್ಕೆ ಬರುತ್ತಲೇ ತಾಳ ಇದ್ದಕ್ಕಿದ್ದಂತೆ ದುಪ್ಪಟ್ಟು ವೇಗವಾಯಿತು. ನಾವು ಏದುಸಿರು ಬಿಡುತ್ತಾ ಹಿಂದೆ ಓಡಿದೆವು. ಹೆಂಗಸರ ಸಾಲು ಅರ್ಧಕ್ಕೇ ಕೈಚೆಲ್ಲಿತು.

"ಏನ್ ಸಾಹೇಬ್ರೇ, ಯಾಕಿಷ್ಟು ಜೋರು?" ಎಂದು ಫೋನಿಗೆ ಕೂಗಿದೆ.

"ನಾನೇನ್ ಮಾಡ್ಲಿ ಸಾರ್, ಟ್ರಾಫಿಕ್ ಬಿಟ್ಬಿಡ್ತು!"

ಹೇಳಲು ಹೋದ ಮೂವರು

ಕಾರ್ಯಕ್ರಮಕ್ಕೆ ಎರಡು ವಾರ ಇರುವಾಗ ಅಧ್ಯಕ್ಷರು, ಮೇಷ್ಟ್ರು, ನಾನು ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಈ ಸಲ ಮೊದಲ ಹಾಡನ್ನು ಎಲ್ಲರೂ ಸೇರಿ ಹಾಡೋಣ, ಮಿಸ್ ಮಧ್ಯದಲ್ಲಿ ನಿಲ್ಲಲಿ. ಪದ ಮರೆತರೂ ಗುಂಪಿನಲ್ಲಿ ಗೊತ್ತಾಗುವುದಿಲ್ಲ. ಅವರಿಗೆ ನೋವಾಗದ ಹಾಗೆ ಇದನ್ನು ಹೇಳಬೇಕು. ಮಾತಾಡುವ ಹೊಣೆ ಅಧ್ಯಕ್ಷರದು. ಎತ್ತುಗಳ ಕೊಂಬಿಗೆ ಹೆದರದೆ ಇಂಜೆಕ್ಷನ್ ಕೊಟ್ಟ ಮನುಷ್ಯ ಅಲ್ಲವೇ ಎಂದು ನಮ್ಮ ಧೈರ್ಯ.

ಮಿಸ್ ಬಾಗಿಲು ತೆಗೆದು ನನ್ನನ್ನು ನನ್ನ ಅಣ್ಣನ ಹೆಸರಿನಿಂದ ಕರೆದರು. ಅವನಿಗೂ ಅವರೇ ಪಾಠ ಹೇಳಿದ್ದು. ನಾನು ತಿದ್ದಲಿಲ್ಲ. ತಟ್ಟೆಯಲ್ಲಿ ಕೋಡುಬಳೆ ಬಂತು.

"ಮಿಸ್, ಅದು… ನಿಮ್ಮ ಹಾಡು…" ಅಧ್ಯಕ್ಷರು ಎದ್ದು ನಿಂತರು. ಅರವತ್ತಾರು ವರ್ಷದ ಮನುಷ್ಯ, ಮಿಸ್ ಎದುರು ಕೂತು ಮಾತಾಡಲು ಬರುವುದಿಲ್ಲ.

"ಏನು ನನ್ನ ಹಾಡು?"

"ತುಂಬಾ… ಚೆನ್ನಾಗಿದೆ ಮಿಸ್."

"ಚೆನ್ನಾಗಿರೋದು ಗೊತ್ತು. ನಿನಗೆ ಬರುತ್ತಾ? ಹೇಳು ನೋಡೋಣ."

ಅಧ್ಯಕ್ಷರು ಎರಡನೆಯ ಚರಣದಲ್ಲಿ ತೊದಲಿದರು. ಮೇಷ್ಟ್ರು ಮೂರನೆಯದರಲ್ಲಿ. ನನ್ನ ಬಾಯಲ್ಲಿ ಕೋಡುಬಳೆ ಇತ್ತು. ಮಿಸ್ ಮೂವರಿಗೂ ಒಂದೊಂದು ಹಾಳೆ ಕೊಟ್ಟರು. ಬಳಗದವರೆಲ್ಲ ಆ ಹಾಡನ್ನು ಕಲಿತಿರಬೇಕು, ನಾವು ಮೂವರು ಹತ್ತು ಹತ್ತು ಸಲ ಬರೆದು ತರಬೇಕು ಎಂದು ಅಪ್ಪಣೆಯಾಯಿತು. ಹೇಳಲು ಹೋದ ಮಾತು ಹೇಳದೆಯೇ ವಾಪಸು ಬಂದೆವು.

ಮುಂದಿನ ಭಾನುವಾರ ಅವರು ಮರೆಯದೆ ಹಾಳೆ ಕೇಳಿದರು. ಅಧ್ಯಕ್ಷರು ಹತ್ತು ಸಲ ಬರೆದಿದ್ದರು. ನಾನು ಎಂಟೇ ಸಲ ಬರೆದು ಸಿಕ್ಕಿಬಿದ್ದೆ.

ಹನ್ನೊಂದು ಗುಟ್ಟು

ಇನ್ನು ನಾನು "ನೋಡಿಕೊಂಡ" ಕಥೆ. ಮಿಸ್ ಹಾಡುತ್ತಾ ನಿಂತುಹೋದರೆ ಹಿಂದಿನಿಂದ ಒಬ್ಬರು ಮೆಲ್ಲಗೆ ಮುಂದಿನ ಪದ ಹೇಳಿಕೊಟ್ಟರಾಯಿತು ಎಂದು ಯೋಚಿಸಿ ಮೇಷ್ಟ್ರಿಗೆ ಗುಟ್ಟಾಗಿ ಹೇಳಿದೆ. "ಯಾರಿಗೂ ಹೇಳ್ಬೇಡಿ, ಮಿಸ್‌ಗೆ ಗೊತ್ತಾದ್ರೆ ಬೇಜಾರಾಗ್ತಾರೆ." ಮನೆಗೆ ಬಂದ ಮೇಲೆ, ಮೇಷ್ಟ್ರು ಹಾರ್ಮೋನಿಯಂ ಒಳಗೆ ಮುಳುಗಿದರೆ ಏನು ಗತಿ ಅನ್ನಿಸಿತು. ಅಧ್ಯಕ್ಷರಿಗೂ ಗುಟ್ಟಾಗಿ ಹೇಳಿದೆ. ಅಧ್ಯಕ್ಷರ ಗಂಟಲು ಕೈಕೊಟ್ಟರೆ? ಅವರ ಹೆಂಡತಿಗೂ ಹೇಳಿದೆ. ಹೀಗೆ ಒಬ್ಬರ ಮೇಲೆ ನಂಬಿಕೆ ಸಾಲದೆ ಇನ್ನೊಬ್ಬರು, ಮತ್ತೊಬ್ಬರು. ಕೊನೆಗೆ ಹನ್ನೊಂದು ಜನಕ್ಕೂ ಹೇಳಿದ್ದೆ. ಪ್ರತಿಯೊಬ್ಬರೂ ಈ ಕೆಲಸ ತಮ್ಮೊಬ್ಬರದೇ ಎಂದು ನಂಬಿದ್ದರು.

ಆ ಭಾನುವಾರ ಸಂಜೆ ಪಾರ್ಕು ತುಂಬಿತ್ತು. ಮಿಸ್ ಅವರ ಹಳೆಯ ವಿದ್ಯಾರ್ಥಿಗಳೇ ಹೆಚ್ಚು. ಕೆಲವರು ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಮಿಸ್ ಹಸಿರು ಸೀರೆ ಉಟ್ಟು ಮೈಕಿನ ಮುಂದೆ ನಿಂತರು. ಗಿರಣಿಯಿಲ್ಲದೆಯೂ ಅವರ ಶ್ರುತಿ ಸರಿಯಾಗಿತ್ತು. ಮೋಡ ಬಂತು, ಚೆನ್ನಾಗಿಯೇ ಬಂತು. ಮೊದಲ ಚರಣ ಮುಗಿಸಿ ಅವರು ನಿಂತರು.

ಒಂದು ಕ್ಷಣ. ಎರಡು ಕ್ಷಣ. ಹಿಂದಿನಿಂದ ಹನ್ನೊಂದು ಗಂಟಲು ಒಟ್ಟಿಗೆ ಸಿಡಿದವು. ಗಾಬರಿಯಲ್ಲಿ ಬಾಯಿಗೆ ಬಂದ ಚರಣ ಹೇಳಿದವರೇ ಎಲ್ಲರೂ. "ಕೆರೆ ತುಂಬಿತು!" ಅಂದರು ಮೇಷ್ಟ್ರು. "ಕೊಕ್ಕರೆ ಬಂತು!" ಅಂದರು ಸಾಹೇಬರು. ಯಾರೋ ಮತ್ತೆ ಮೋಡ ತಂದರು. ಎಲ್ಲವೂ ಮೈಕಿನಲ್ಲಿ ಪಾರ್ಕಿಗೆಲ್ಲ ಕೇಳಿತು.

ಮಿಸ್ ನಿಧಾನವಾಗಿ ನಮ್ಮ ಕಡೆ ತಿರುಗಿದರು.

"ಹನೀನೇ ಬಿದ್ದಿಲ್ಲ, ಕೆರೆ ಹೆಂಗ್ರೋ ತುಂಬ್ತು?"

ಪಾರ್ಕು ಹೋ ಎಂದು ನಕ್ಕಿತು.

"ಹೀಗೆ ಕಿರುಚೋದಲ್ಲ. ಗೊತ್ತಿರೋರು ಕೈ ಎತ್ತಿ. ನಾನು ಕೇಳ್ದಾಗ ಹೇಳಿ."

ಹನ್ನೆರಡು ಕೈಗಳು ಮೇಲೆದ್ದವು. ಸಾಹೇಬರು ಒಂದು ಕೈ ಎತ್ತಿ ಇನ್ನೊಂದರಲ್ಲಿ ತಾಳ ಹಿಡಿದಿದ್ದರು. ಕೇಳಲು ಬಂದವರಲ್ಲೂ ಎಷ್ಟೋ ಜನ ಕೈ ಎತ್ತಿದ್ದರು. ಮಿಸ್ ಮುಂದೆ ತಿರುಗಿ ಹನಿ ಬೀಳಿಸಿದರು, ಕೆರೆ ತುಂಬಿಸಿದರು. ಆಮೇಲೆ ನಿಂತರು.

ಈ ಸಲ ನಿಂತದ್ದು ಬೇರೆ ಥರ ಇತ್ತು. ಅವರ ಬೆರಳು ಸೆರಗಿನ ಅಂಚನ್ನು ಹುಡುಕುತ್ತಿತ್ತು. ಆದರೆ ಯಾರೂ ಉಸಿರೆತ್ತಲಿಲ್ಲ. ಮಿಸ್ ಹೇಳಿದ ಮೇಲೆ ಮುಗಿಯಿತು. ಎತ್ತಿದ ಕೈ ಎತ್ತಿದ ಹಾಗೇ ಕಾದೆವು. ಅವರು ಪಾರ್ಕನ್ನೆಲ್ಲ ಒಂದು ಸಲ ನೋಡಿದರು, ನಮ್ಮ ಕಡೆ ತಿರುಗಿದರು, ಅಧ್ಯಕ್ಷರತ್ತ ಬೆರಳು ತೋರಿಸಿದರು.

"ನೀನು. ಹೇಳು."

"ಕೊಕ್ಕರೆ ಬಂತು… ಮಿಸ್," ಅಂದರು ಅಧ್ಯಕ್ಷರು.

"ಜಾಣ." ಅಷ್ಟು ಹೇಳಿ, ಅಲ್ಲಿಂದಲೇ ಎತ್ತಿಕೊಂಡು ಕೊನೆಯವರೆಗೂ ಹಾಡಿದರು. ಮಿಸ್ ಪಾಠ ಒಪ್ಪಿಸಿಕೊಳ್ಳುತ್ತಿದ್ದಾರೆ ಎಂದೇ ಜನ ತಿಳಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಮುಂದಿನ ಸಾಲಿನಲ್ಲಿದ್ದ ಸೊಸೆ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಕುರ್ಚಿಯವರೆಗೆ ಕೈಹಿಡಿದು ಕರೆದುಕೊಂಡು ಹೋದಾಗ ಮಿಸ್ ನನ್ನ ಕಿವಿಯಲ್ಲಿ ಹೇಳಿದರು.

"ಯಾರಿಗೂ ಹೇಳ್ಬೇಡಿ ಅಂದಿದ್ಯಂತೆ. ಹನ್ನೊಂದು ಜನಾನೂ ಒಬ್ಬೊಬ್ರೇ ಬಂದು ನನ್ಹತ್ರ ಹೇಳ್ಕೊಂಡ್ರು ಕಣೋ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಹಾಗಾದ್ರೆ ಮೊದಲನೇ ಸಲ ಬೇಕಂತ್ಲೇ ನಿಲ್ಲಿಸಿದ್ರಾ ಮಿಸ್?"

"ಮತ್ತೆ?"

"ಎರಡನೇ ಸಲ?"

ಅವರು ಕುರ್ಚಿಯ ಕೈ ಹಿಡಿದು ಕೂತರು. "ಎರಡನೇ ಸಲ ನಿಜವಾಗ್ಲೂ ಹೋಗಿತ್ತು ಕಣೋ. ಹೋಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಮೊದ್ಲೇ ಎಲ್ರ ಕೈಲೂ ಕೈ ಎತ್ತಿಸಿಟ್ಟಿದ್ದೆ."

ಅವರು ನನ್ನ ಕೈಯನ್ನು ಎರಡು ಸಲ ತಟ್ಟಿದರು, ಈ ಸಲ ನನ್ನ ಹೆಸರನ್ನೇ ಸರಿಯಾಗಿ ಕರೆದರು, ಆಮೇಲೆ ವೇದಿಕೆಯ ಕಡೆ ಕಣ್ಣು ತೋರಿಸಿದರು.

"ಹೋಗು, ಆ ಅಧ್ಯಕ್ಷನಿಗೆ ಕೈ ಇಳಿಸೋಕೆ ಹೇಳು. ಪಾಪ, ಇನ್ನೂ ಎತ್ಕೊಂಡೇ ನಿಂತಿದಾನೆ."