ನನ್ನ ಹಿಮ್ಮಡಿಯ ಸ್ಲೈಡು

ಚರ್ಮದ ಚೂರನ್ನ ತೆಳ್ಳಗೆ ಹೆರೆದು, ಬಣ್ಣ ಹಾಕಿ, ಡಾಕ್ಟರು ಮೈಕ್ರೋಸ್ಕೋಪಲ್ಲಿ ನೋಡೋಕೆ ಗಾಜಿನ ಮೇಲೆ ಕೂರಿಸೋದು ನನ್ನ ಕೆಲಸ. ಇದರಲ್ಲಿ ನಗೋಕೇನಿದೆ ಅನ್ನೋರು ಶಿವಾಜಿನಗರದ ನಮ್ಮ ಲ್ಯಾಬಲ್ಲಿ ಒಂದು ವಾರ ಕೂತು ನೋಡ್ಬೇಕು. ಹೋದ ತಿಂಗಳ ಒಂದು ವಾರದ್ದೇ ಹೇಳ್ತೀನಿ.

೧. ಪೇಶೆಂಟ್ ನಾನೇ

ನನ್ನ ಹಿಮ್ಮಡೀಲಿ ಒಂದು ಕಪ್ಪು ಮಚ್ಚೆ ಕಾಣಿಸ್ತು. ಅಂಥದ್ದು ಕೆಲವು ಸಲ ಕ್ಯಾನ್ಸರ್ ಆಗಿರುತ್ತೆ ಅಂತ ನನಗೆ ಗೊತ್ತು. ಗೊತ್ತಿರೋದೇ ತೊಂದರೆ. ಸೋಮವಾರ ನಮ್ಮ ಡಾಕ್ಟರಮ್ಮ ಚೂರು ತೆಗೆದು ಬಾಟಲೀಲಿ ಹಾಕಿ ನನ್ನ ಕೈಗೇ ಕೊಟ್ಟರು. ಹದಿನೆಂಟು ವರ್ಷದಿಂದ ಜನಕ್ಕೆ ಹೇಳ್ಕೊಂಡು ಬಂದಿದ್ದನ್ನ ನನಗೇ ಹೇಳ್ಕೊಂಡೆ: ಮೂರೇ ದಿನ, ಟೆನ್ಷನ್ ಮಾಡ್ಕೋಬೇಡಿ. ಆಮೇಲೆ ಲೇಬಲ್ ಮೇಲೆ ನನ್ನ ಹೆಸರನ್ನೇ ತಪ್ಪು ಬರೆದೆ.

೨. ಸೆಕೆಂಡ್ಸ್ ಮಾಲು

ಮಂಗಳವಾರ ಅಂಗೈ ತುರಿಕೆಯ ರಿಪೋರ್ಟಿಗೆ ಬಂದವರು ಹಿಂದಿನ ಗಲ್ಲಿಯ ಚರ್ಮದ ವ್ಯಾಪಾರಿ. ಮೈಕ್ರೋಸ್ಕೋಪಲ್ಲಿದ್ದ ಸ್ಲೈಡನ್ನ ಇಣುಕಿ ನೋಡಿದರು. ಮೇಲ್ಪದರ, ಅದರಡಿ ಬೆರಳು ಬೆರಳಾಗಿ ಇಳಿದ ಮಡಿಕೆ, ಅದರ ಕೆಳಗಿನ ನಾರು, ಎಲ್ಲಾ ನನಗಿಂತ ಚೆನ್ನಾಗಿ ಗುರುತಿಸಿದರು. ಮಾಲು ಸೆಕೆಂಡ್ಸು, ಪರ್ಸಿಗೆ ಬರಲ್ಲ, ಹೆಚ್ಚಂದ್ರೆ ಬೆಲ್ಟಾಗುತ್ತೆ ಅಂತ ತೀರ್ಪೂ ಕೊಟ್ಟರು. ಇದು ನಿಮ್ದೇ ಕೈ ಭಾಯಿ ಅಂದೆ.

ಅವರು ಅಂಗೈ ತಿರುಗಿಸಿ ನೋಡ್ಕೊಂಡ್ರು. "ಬೆಲ್ಟಲ್ಲೂ ಒಳ್ಳೆ ಬೆಲ್ಟ್ ಇರ್ತದೆ ಸಾಬ್" ಅಂದರು.

ನನ್ನ ಚೂರನ್ನೂ ತೋರಿಸಿ ಒಂದು ಮಾತು ಕೇಳೋಣ ಅನ್ನಿಸ್ತು. ಅದಿನ್ನೂ ರೆಡಿ ಆಗಿರಲಿಲ್ಲ.

೩. ಒಳಗಿನ ಬಣ್ಣ

ಬುಧವಾರ ನನ್ನ ಸ್ಲೈಡಿಗೆ ಬಣ್ಣ ಹಾಕ್ತಿದ್ದೆ. ಅಷ್ಟರಲ್ಲಿ ಕುಕ್ ಟೌನಿನ ಒಬ್ಬ ತಾಯಿ ಮಗಳ ತೋಳಿನ ಗಂಟಿನ ರಿಪೋರ್ಟಿಗೆ ಬಂದರು. ಗಂಟು ಏನೂ ಅಲ್ಲ ಅಂದ್ರೂ ಕೇಳದೆ ಸ್ಲೈಡ್ ನೋಡೇ ನೋಡ್ತೀನಿ ಅಂತ ಕೂತರು. ನೋಡಿ, ಹುಡುಗಿ ಒಳಗೆ ಇಷ್ಟೊಂದು ಗುಲಾಬಿ ಇದಾಳಲ್ಲ, ಸುಮ್ನೆ ಎಲ್ಲರೂ ಕಪ್ಪು ಕಪ್ಪು ಅಂತಾರೆ ಅಂದರು. ಗಂಡಿನ ಕಡೆಯವರಿಗೆ ಕಳಿಸೋಕೆ ಫೋಟೋನೂ ಹೊಡ್ಕೊಂಡ್ರು. ಅಮ್ಮ, ಅದು ನಾವು ಹಾಕೋ ಬಣ್ಣ, ಯಾರ ಚರ್ಮ ಇಟ್ರೂ ಹಾಗೇ ಕಾಣುತ್ತೆ ಅಂದೆ.

ಮೊಬೈಲ್ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಆ ಬಣ್ಣ ಮುಖಕ್ಕೆ ಹಚ್ಚಬಹುದಾ?"

೪. ರಿಪೋರ್ಟು

ಗುರುವಾರ ಮಹದೇವಪುರದ ರಸ್ತೇಲಿ ಮಳೆ ನೀರು ನಿಂತು ಡಾಕ್ಟರಮ್ಮ ಎರಡು ಗಂಟೆ ಲೇಟು. ಬಂದವರೇ ನನ್ನ ಸ್ಲೈಡಿಟ್ಟು "ಊಂ" ಅಂದರು. ಬೇರೆಯವರ ಸ್ಲೈಡಿಗೆ ಹಾಗಂದಾಗ ನಾನು ನನ್ನ ಪಾಡಿಗೆ ಟೀ ಕುಡೀತಿರ್ತೀನಿ. ಅವತ್ತು ಟೀಗೆ ಎರಡೆರಡು ಸಲ ಸಕ್ಕರೆ ಹಾಕಿದೆ.

ಕೊನೆಗೆ ತಲೆ ಎತ್ತಿ, ಕ್ಯಾನ್ಸರ್ ಅಲ್ಲ ಕಣ್ರೀ ಅಂದರು. ಶೂ ಉಜ್ಜಿ ಒಳಗೆ ಒಂದು ತೊಟ್ಟು ರಕ್ತ ಹೆಪ್ಪುಗಟ್ಟಿ ಕಪ್ಪಾಗಿದೆ, ಅಷ್ಟೆ. ಚರ್ಮ ಮಾತ್ರ ಸಿಕ್ಕಾಪಟ್ಟೆ ದಪ್ಪ.

ನನಗೆ ಅಳೂನೇ ಬಂದ್ಬಿಡ್ತು. ತಕ್ಷಣ ಹೆಂಡತಿಗೆ ಫೋನ್ ಮಾಡಿ, ಡಾಕ್ಟರು ಹೇಳಿದ್ದನ್ನ ಒಂದಕ್ಷರ ಬಿಡದೆ ಒಪ್ಪಿಸಿದೆ. ಮೂರು ದಿನದಿಂದ ಅವಳೂ ಸರಿಯಾಗಿ ಊಟ ಮಾಡಿರಲಿಲ್ಲ. ಆ ಕಡೆಯಿಂದ ಮೂಗೆಳೆದ ಸದ್ದು ಕೇಳಿಸ್ತು.

ಆಮೇಲೆ ಅಂದಳು: "ನಿಮ್ಮ ಚರ್ಮ ದಪ್ಪ ಅಂತ ಹೇಳೋಕೆ ಅವರಿಗೆ ಮೈಕ್ರೋಸ್ಕೋಪ್ ಬೇಕಾಯ್ತಾ? ನನ್ನ ಕೇಳಿದ್ರೆ ಸೋಮವಾರಾನೇ ಹೇಳ್ತಿದ್ನಲ್ಲ."