ಅರಿಶಿನ ಬಳಿದ ಪರದೆ

ನಾನು ಹುಟ್ಟಾ ಪುಕ್ಕಲ. ಹಾವಿಗೆ, ಸಿಡಿಲಿಗೆ ಎಲ್ಲರೂ ಹೆದರುತ್ತಾರೆ. ನಾನು ಬಣ್ಣಕ್ಕೂ ಹೆದರಿದವನು. ಇಂಡಿ ಪಟ್ಟಣದ ನಮ್ಮ ಮನೆಯ ಪಡಸಾಲೆಯಲ್ಲಿ ಮೂವತ್ತು ವರ್ಷದ ಹಿಂದಿನ ಕಂಪ್ಯೂಟರ್ ಒಂದಿದೆ. ನಾನು ಕಂಪ್ಯೂಟರ್ ಟೈಪಿಂಗ್ ಕಲಿಸುತ್ತಿದ್ದ ಸಂಸ್ಥೆ ಮುಚ್ಚಿದಾಗ ಗುಜರಿಗೆ ಹೊರಟಿದ್ದನ್ನು ಹೊತ್ತು ತಂದೆ. ಅದಕ್ಕೆ ಮೌಸ್ ಇಲ್ಲ, ಕನ್ನಡ ಬರುವುದಿಲ್ಲ. ಕರಿ ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ ಮಾತ್ರ. ಹೆಂಡತಿಯ ತಾಯಿ, ಮೋರಟಗಿಯ ನಮ್ಮತ್ತೆ, ಹಾಡಿದ ಸೋಬಾನೆ ಪದಗಳನ್ನು ಆ ಅಕ್ಷರಗಳಲ್ಲೇ ಹೊಡೆದಿಟ್ಟಿದ್ದೆ. ಈಗ ಅತ್ತೆಗೆ ಎರಡು ನುಡಿ ದಾಟಿದರೆ ಮೂರನೆಯದು ನೆನಪಾಗುವುದಿಲ್ಲ. ಬೇರೆ ಪ್ರತಿ ಎಲ್ಲೂ ಇಲ್ಲ.

ಮಗಳ ಮದುವೆ ಗೊತ್ತಾಯಿತು. ಪದ ಓದಿಸಿಕೊಳ್ಳಲು ಅತ್ತೆ ಬರುವವರಿದ್ದರು. ಹಿಂದಿನ ದಿನ ಹೆಂಡತಿ ಶಾಂತಾ ಪರದೆ ನೋಡಿ, "ಲಗ್ನದ ಪದ ಕರೀದರ ಮ್ಯಾಲೆ ಯಾಕ್ರಿ? ಅರಿಶಿಣದ ಬಣ್ಣ ಹಚ್ಚಾಕ ಬರೂದಿಲ್ಲೇನು?" ಎಂದಳು. ಬರುವುದಿಲ್ಲ ಎನ್ನುವ ಧೈರ್ಯವೂ ನನಗಿಲ್ಲ. ಪದ ಹೊಡೆದಿಟ್ಟಿದ್ದ ಎಡಿಟರ್ ಪ್ರೋಗ್ರಾಮಿನ ಬಣ್ಣದ ಪಟ್ಟಿ ತೆರೆದು ಅಕ್ಷರ ಹಳದಿ ಮಾಡಿದೆ. ಚೆಂದ ಕಂಡಿತು. ಅದೇ ಹುರುಪಿನಲ್ಲಿ ಹಿನ್ನೆಲೆಯನ್ನೂ ಹಳದಿ ಮಾಡಿ, ಇದೇ ಕಾಯಂ ಇರಲಿ ಎಂದು ಒತ್ತಿಬಿಟ್ಟೆ. ಪದವೆಲ್ಲ ಮಾಯ! ಹಿಂದಿನಂತೆ ಮಾಡೋಣವೆಂದರೆ ಬಣ್ಣದ ಪಟ್ಟಿಯೂ ಹಳದಿಯೊಳಗೆ ಮುಳುಗಿತ್ತು. ಅಳಿಸಿಯೇ ಹೋಗಿದ್ದರೆ? ಬಂದ್ ಮಾಡಲೂ ಹೆದರಿ, ಪರದೆಗೆ ಟವೆಲ್ ಹೊದಿಸಿ, ಆ ದಿನವೆಲ್ಲ ಶಾಂತಾಳ ಕಣ್ಣು ತಪ್ಪಿಸಿ ಓಡಾಡಿದೆ.

ಮರುದಿನ ಅತ್ತೆ ಬಂದು ಎದುರಿಗೇ ಕುಳಿತರು. ಟವೆಲ್ ತೆಗೆದ ಶಾಂತಾ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಛಲೋ ಕಾಣ್ತೈತಿ ನೋಡ್ರಿ, ಅಳಿಯಂದ್ರ. ಇನ್ನ ಓದ್ರಿ," ಎಂದರು ಅತ್ತೆ. ಏನಂತ ಓದಲಿ? ಬೆವರು ಒರೆಸಿಕೊಂಡು ಕೀಬೋರ್ಡಿನ ಮೇಲೆ ಕೈಯಿಟ್ಟೆ. ತಡಕಾಡುವ ಬೆರಳಿಗೆ ಶಿಫ್ಟ್ ಗುಂಡಿಯೂ ಕೆಳಬಾಣವೂ ಒಟ್ಟಿಗೇ ಸಿಕ್ಕವು. ಆಯ್ಕೆಯ ಗುರುತು ಬಿದ್ದ ಸಾಲೊಂದು ನೀಲಿ ಪಟ್ಟಿಯ ಮೇಲೆ ಬಿಳಿಯಾಗಿ ಎದ್ದು ಬಂತು. ಹೋದ ಜೀವ ಬಂದಂತಾಯಿತು. ನಾನು ಓದಿದೆ, ಅತ್ತೆ ಅದನ್ನು ಹಿಡಿದು ರಾಗ ಎಳೆದರು. ಆದರೆ ಹೀಗೆ ಗುರುತು ಮಾಡಿದಾಗ ಅಕ್ಷರದ ಗುಂಡಿ ಯಾವುದಾದರೂ ತಗುಲಿದರೆ ಆ ಸಾಲೇ ಅಳಿಸಿಹೋಗುತ್ತದೆ. ಅತ್ತೆ ಮೇಜಿನ ಮೇಲೆ ತಾಳ ಹಾಕುತ್ತ ಕೀಬೋರ್ಡಿನ ಹತ್ತಿರ ಹತ್ತಿರಕ್ಕೆ ಬರುತ್ತಿದ್ದರು. ಸೋಬಾನೆ ಕೇಳುತ್ತ ಅಷ್ಟು ಬೆವರಿದವನು ನಾನೊಬ್ಬನೇ ಇರಬೇಕು.

ಅವರು ಊರಿಗೆ ಹೋದ ಮೇಲೆ ಒಂದು ನೋಟ್‌ಬುಕ್ ಕೊಂಡು ತಂದೆ. ಒಂದು ಸಾಲು ಎಬ್ಬಿಸುವುದು, ಕೈ ಹಿಂದಕ್ಕೆಳೆದುಕೊಳ್ಳುವುದು, ಪೆನ್ನಿನಿಂದ ಬರೆಯುವುದು. ಊರ ಹುಡುಗರಿಗೆಲ್ಲ ಕಂಪ್ಯೂಟರ್ ಕಲಿಸಿದವನ ಗತಿ ಇದು. ಎಲ್ಲ ಬರೆದು ಮುಗಿಸಿದಾಗ ಶಾಂತಾ ಅರಿಶಿನದ ಬಟ್ಟಲು ತಂದು, ಲಗ್ನಪತ್ರಿಕೆಗೆ ಹಚ್ಚುವಂತೆ ನೋಟ್‌ಬುಕ್ಕಿನ ನಾಲ್ಕು ಮೂಲೆಗೆ ಬೆರಳಿನಿಂದ ಹಚ್ಚಿದಳು.

"ಇಷ್ಟ ಹಚ್ಚೂದ್ರಿ," ಎಂದಳು ನನ್ನ ಮುಖ ನೋಡದೆ. "ಪೂರಾ ಬಳದ್ರ ಬರದದ್ದು ಹೆಂಗ ಕಾಣಬೇಕು?"